ಎರೆ ಹೊಲದ ಒಡ್ಡು ಏಕೆ ಒಡೆಯಿತು?

ಕಾಫಿಯ ಹೂಮಳೆ, ಅಡಿಕೆಯ ಧಾರಣೆ, ಕೊಳೆರೋಗದ ಔಷಧಿ ಇವು ಈ ಪುಟಗಳ ನಿತ್ಯದ ವಿಷಯಗಳು. ಈ ಸಲ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ತಾಲೂಕುಗಳ ಹೆಸರು ಕಂಡು, ಜೋಳ ಬೆಳೆಯುವ ಆ ಬಯಲಿಗೂ ನಮ್ಮ ತೋಟಗಳಿಗೂ ಏನು ಸಂಬಂಧವೆಂದು ಸದಸ್ಯ ಬಾಂಧವರು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಸಂಬಂಧವಿದೆ, ಅದೂ ವರ್ಷದಿಂದ ವರ್ಷಕ್ಕೆ ಹತ್ತಿರವಾಗುತ್ತಿದೆ ಎಂಬುದು ನಮ್ಮ ಅಭಿಪ್ರಾಯ.

2023ರ ಮುಂಗಾರು ಕೈಕೊಟ್ಟಾಗ ಕರ್ನಾಟಕದ 236 ತಾಲೂಕುಗಳ ಪೈಕಿ 223 ತಾಲೂಕುಗಳನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿತು. ಆ ಪಟ್ಟಿಯಲ್ಲಿ ವಿಜಯಪುರ ಜಿಲ್ಲೆಯ ಎರೆ ನೆಲದ ಜೊತೆಗೆ ಮಲೆನಾಡಿನ ತಾಲೂಕುಗಳೂ ಇದ್ದವು. ಬರವೆಂದರೆ ಬಯಲುಸೀಮೆಯವರ ಪಾಡು, ನಮಗೇನಿದ್ದರೂ ಅತಿವೃಷ್ಟಿಯ ಚಿಂತೆ ಎಂದು ನಂಬಿದ್ದ ಕಾಲ ಹೋಯಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುವಳೇ? ಬರದ ವಿಷಯದಲ್ಲಿ ನಾವು ಹೊಸಬರು. ಆ ನಾಲ್ಕು ತಾಲೂಕುಗಳ ರೈತರು ಹಳಬರು. ಹಳಬರಿಂದ ಕಲಿಯುವುದರಲ್ಲಿ ನಾಚಿಕೆಯಿಲ್ಲ.

ಕಲಿಯಬೇಕಾದ ಮುಖ್ಯ ಪಾಠ ಬೇಸಾಯದ್ದಲ್ಲ. ನೆಲ, ನೀರು, ಹವೆಗಳನ್ನು ಕುರಿತ ಸಂಶೋಧನೆ ಸರ್ಕಾರದ ಆಜ್ಞೆಯಾಗುವುದು ಹೇಗೆ, ಆ ಆಜ್ಞೆ ರೈತನ ಹೊಲಕ್ಕೆ ಬರುವಾಗ ಎಲ್ಲಿ ಕೆಡುತ್ತದೆ ಎಂಬುದು ಆ ಪಾಠ. ಇದಕ್ಕೆ ವಿಜಯಪುರದ ಬಯಲಿಗಿಂತ ಒಳ್ಳೆಯ ಉದಾಹರಣೆ ನಮ್ಮ ರಾಜ್ಯದಲ್ಲಿ ಸಿಗುವುದು ಕಷ್ಟ.

ಐದು ಕಡೆಯ ಪ್ರಯೋಗ

ಮೊದಲು ಆ ನೆಲದ ಪರಿಚಯ. ಇಂಡಿ, ಸಿಂದಗಿಗಳ ಬದಿಯಲ್ಲಿ ಭೀಮಾ ನದಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಬದಿಯಲ್ಲಿ ಕೃಷ್ಣೆ, ನಡುವೆ ಡೋಣಿ. ಡೋಣಿಯ ದಂಡೆಯ ಎರೆ ಜೋಳಕ್ಕೆ ಹೆಸರಾದ ನೆಲ. ಆದರೆ ನದಿಯಿಂದ ಸ್ವಲ್ಪ ಆಚೆ ಹೋದರೆ ಮಳೆಯೇ ಗತಿ. ಜಿಲ್ಲೆಯ ವರ್ಷದ ಸರಾಸರಿ ಮಳೆ ಸುಮಾರು 600 ಮಿಲಿಮೀಟರ್. ತೋಟದವರ ಲೆಕ್ಕದಲ್ಲಿ 24 ಇಂಚು. ನಮ್ಮಲ್ಲಿ ಅನೇಕ ಕಡೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಸುರಿಯುತ್ತದೆ. ಅಲ್ಲಿ ಸೆಪ್ಟೆಂಬರಿನಲ್ಲಿ ಬಿದ್ದ ಮಳೆಯ ಹಸಿಯನ್ನು ಎರೆ ಮಣ್ಣು ಹಿಡಿದಿಟ್ಟುಕೊಳ್ಳಬೇಕು. ಆ ಹಸಿಯ ಮೇಲೆಯೇ ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬೆ ಬೆಳೆದು ಕೈಗೆ ಬರಬೇಕು.

ಇಂಥ ನೆಲದಲ್ಲಿ ವಿಜ್ಞಾನ ಏನು ಮಾಡಬಲ್ಲದು ಎಂಬ ಪ್ರಶ್ನೆ ಹಳೆಯದು. ಆಗ ಈ ಪ್ರದೇಶ ಮುಂಬಯಿ ಪ್ರಾಂತಕ್ಕೆ ಸೇರಿತ್ತು. 1923ರಲ್ಲಿ ಪುಣೆಯ ಬಳಿಯ ಮಾಂಜರಿಯಲ್ಲಿ ಒಣಬೇಸಾಯದ ಪ್ರಯೋಗಗಳು ಮೊದಲಾದವು. 1928ರ ರಾಯಲ್ ಕೃಷಿ ಆಯೋಗದ ವರದಿಯ ತರುವಾಯ ಸ್ಥಾಪನೆಯಾದ ಕೃಷಿ ಸಂಶೋಧನಾ ಪರಿಷತ್ತು, 1933ರಿಂದ 1935ರ ನಡುವೆ ಐದು ಕಡೆ ಒಣಬೇಸಾಯ ಕೇಂದ್ರಗಳನ್ನು ತೆರೆಯಿತು: ಸೋಲಾಪುರ, ಬಿಜಾಪುರ, ರಾಯಚೂರು, ಬಳ್ಳಾರಿ ಸೀಮೆಯ ಹಗರಿ, ಮತ್ತು ದೂರದ ಪಂಜಾಬಿನ ರೋಹ್ತಕ್. ಐದರಲ್ಲಿ ಮೂರು ಇಂದಿನ ಕರ್ನಾಟಕದ ನೆಲದವು. ನಾಲ್ಕು ಆಡಳಿತಗಳಿಗೆ ಹಂಚಿಹೋಗಿದ್ದ ಐದು ಊರುಗಳು ಒಂದೇ ಪ್ರಶ್ನೆಗೆ ಉತ್ತರ ಹುಡುಕಲು ಹೊರಟವು. ಸಂಶೋಧನಾ ಜಾಲವೆಂದು ಇಂದು ದೊಡ್ಡ ದೊಡ್ಡ ಸಭೆಗಳಲ್ಲಿ ಹೇಳುವ ವಸ್ತು ಇದೇ.

ಅಲ್ಲಿಂದ ಬಂದ ಉಪದೇಶಕ್ಕೆ ‘ಮುಂಬಯಿ ಒಣಬೇಸಾಯ ಪದ್ಧತಿ’ ಎಂಬ ಹೆಸರು ಬಿತ್ತು. ಹೊಲಕ್ಕೆ ಒಡ್ಡು ಹಾಕಬೇಕು, ಆಳವಾಗಿ ಉಳಬೇಕು, ಮಳೆಗಾಲದಲ್ಲಿ ಆಗಾಗ ಹರಗುತ್ತಿರಬೇಕು, ಬೀಜ ಕಡಿಮೆ ಹಾಕಿ ಸಾಲಿನ ಅಂತರ ಹೆಚ್ಚಿಸಬೇಕು, ಎಡೆಕುಂಟೆ ಹೊಡೆಯುತ್ತಿರಬೇಕು. ಎಲ್ಲವೂ ಸರಿಯಾದ ಮಾತೇ. ಎನ್. ವಿ. ಕಾನಿಟಕರ್ ಅವರು 1944ರಲ್ಲಿ ಇದನ್ನೆಲ್ಲ ಕ್ರೋಡೀಕರಿಸಿ ದೊಡ್ಡ ಗ್ರಂಥವನ್ನೇ ಬರೆದರು. ಆದರೂ ರೈತರು ಅದನ್ನು ಕೈಗೆತ್ತಿಕೊಂಡದ್ದು ಕಡಿಮೆ.

ಕಾರಣ ಸರಳವಾಗಿದೆ. ಆಗಿನ ಇಳುವರಿ ಹೆಕ್ಟೇರಿಗೆ 200ರಿಂದ 400 ಕಿಲೋ. ಹೊಸ ಪದ್ಧತಿಯಿಂದ ಹೆಚ್ಚಿದ್ದು ಶೇಕಡ 15ರಿಂದ 20. ಎಕರೆಗೆ ಲೆಕ್ಕ ಹಾಕಿದರೆ ಹನ್ನೆರಡು ಕಿಲೋದಿಂದ ಹೆಚ್ಚೆಂದರೆ ಮೂವತ್ತೆರಡು ಕಿಲೋ ಜೋಳ. ಅಷ್ಟಕ್ಕಾಗಿ ಆಳದ ಉಳುಮೆಗೆ ನಾಲ್ಕು ಜೊತೆ ಎತ್ತು ಎಲ್ಲಿಂದ ತರುವುದು, ಒಡ್ಡಿನ ಕೂಲಿ ಯಾರು ಕೊಡುವುದು? ಕೇಂದ್ರದ ಹೊಲದಲ್ಲಿ ಗೆದ್ದ ಪದ್ಧತಿ ಬಡ ರೈತನ ಕೈಚೀಲದ ಮುಂದೆ ಸೋತಿತು.

ಇದಕ್ಕೆ ಎದುರಾಗಿ ಅದೇ 1930ರ ದಶಕದಲ್ಲಿ ಸೋಲಾಪುರ ಜಿಲ್ಲೆಯ ಮೋಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ತಳಿಯನ್ನು ನೋಡಿರಿ. ಅದಕ್ಕೆ ಎತ್ತೂ ಬೇಡ, ಹೆಚ್ಚಿನ ಕೂಲಿಯೂ ಬೇಡ. ಕಾಳು ಮನೆಗೆ, ದಂಟು ದನಕ್ಕೆ. ಇಂಡಿ, ಸಿಂದಗಿಯ ರೈತರು ಅದನ್ನು ಇಂದಿಗೂ ಬಿಟ್ಟಿಲ್ಲ. ನಮ್ಮ ಕಡೆಯೂ ಹಾಗೆಯೇ ಆಯಿತು. ಶತಮಾನದ ಹಿಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ತಿಳಿಸಿಕೊಟ್ಟರು. ಮರ ಹತ್ತಿ ಹೊಡೆಯುವ ಕಷ್ಟವಿದ್ದರೂ ಅದೇ ವರ್ಷ ಗೊನೆ ಉಳಿಯುವುದನ್ನು ಬೆಳೆಗಾರ ಕಣ್ಣಾರೆ ಕಂಡ; ಮೈಲುತುತ್ತ, ಸುಣ್ಣ ನಮ್ಮ ಮನೆಯ ಸಾಮಾನುಗಳಾದವು. ರೈತ ವಿಜ್ಞಾನದ ವೈರಿ ಎಂಬ ಮಾತು ಸುಳ್ಳು. ಲೆಕ್ಕ ಕೂಡಿಬರದ ವಿಜ್ಞಾನವನ್ನು ಅವನು ನಯವಾಗಿ ಪಕ್ಕಕ್ಕಿಡುತ್ತಾನೆ, ಅಷ್ಟೇ.

ಕೂಸು ಹುಟ್ಟುವ ಮುನ್ನ ಕುಲಾವಿ

ರೈತ ಪಕ್ಕಕ್ಕಿಟ್ಟದ್ದನ್ನು ಸರ್ಕಾರ ಕೈಗೆತ್ತಿಕೊಂಡಾಗ ಏನಾಯಿತೆಂಬುದು ಮುಂದಿನ ಕಥೆ. 1942ರಲ್ಲಿ ಮುಂಬಯಿ ಪ್ರಾಂತದಲ್ಲಿ ಭೂಸುಧಾರಣಾ ಯೋಜನೆಗಳ ಕಾಯಿದೆ ಬಂದಿತು. ಬರಗಾಲದ ಕಾಮಗಾರಿಯೂ ಆದೀತು, ಮಣ್ಣೂ ಉಳಿದೀತು ಎಂಬ ಸದುದ್ದೇಶದಿಂದ ಬಿಜಾಪುರ, ಸೋಲಾಪುರಗಳ ಬಯಲಿನಲ್ಲಿ ಸಮಪಾತಳಿ ಒಡ್ಡುಗಳನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ಸ್ವಾತಂತ್ರ್ಯದ ತರುವಾಯವೂ, 1956ರಲ್ಲಿ ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ, ಒಡ್ಡಿನ ಕೆಲಸ ಮುಂದುವರಿಯಿತು.

ಮಸಾರಿ ನೆಲದಲ್ಲಿ ಸಮಪಾತಳಿ ಒಡ್ಡು ಒಳ್ಳೆಯದೇ. ಅಲ್ಲಿ ನೀರು ಬೇಗ ಇಂಗುತ್ತದೆ. ಆಳವಾದ ಎರೆಯ ಗುಣ ಬೇರೆ. ಒದ್ದೆಯಾದಾಗ ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ. ನೀರು ಇಂಗುವುದು ಬಹು ನಿಧಾನ. ಒಣಗಿದಾಗ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದೇ ಮಣ್ಣಿನ ಒಡ್ಡೂ ಬೇಸಿಗೆಯಲ್ಲಿ ಬಿರಿಯುತ್ತದೆ. ದೊಡ್ಡ ಮಳೆ ಬಂದರೆ ಒಡ್ಡಿನ ಮೇಲ್ಗಡೆ ದಿನಗಟ್ಟಲೆ ನೀರು ನಿಂತು ಪೈರು ಹಳದಿಯಾಗುತ್ತದೆ. ಬಿರುಕಿನಲ್ಲಿ ನುಗ್ಗಿದ ನೀರು ಒಡ್ಡನ್ನೇ ಒಡೆದು ಕೆಳಗಿನ ಹೊಲವನ್ನು ಕೊಚ್ಚುತ್ತದೆ. ಮಣ್ಣು ಉಳಿಸಲು ಹಾಕಿದ ಒಡ್ಡೇ ಮಣ್ಣು ಹೋಗಲು ದಾರಿಯಾಯಿತು.

ಇನ್ನೊಂದು ತೊಡಕು ಹಿಡುವಳಿಯದು. ಸಮಪಾತಳಿ ರೇಖೆಗೆ ಸರ್ವೆ ನಂಬರಿನ ಗಡಿ ಗೊತ್ತಿಲ್ಲ. ನಾಲ್ಕು ಎಕರೆಯ ಸಣ್ಣ ಹೊಲದ ನಡುವೆ ಓರೆಯಾಗಿ ಒಡ್ಡು ಹಾದುಹೋದರೆ ಕೂರಿಗೆ ತಿರುಗಿಸಲು ಜಾಗವಿಲ್ಲ. ಅತ್ತ ಒಂದು ತುಂಡು, ಇತ್ತ ಒಂದು ತುಂಡು. ದಕ್ಷಿಣ ಭಾರತದ ಮಳೆಯಾಶ್ರಿತ ಸೀಮೆಗಳನ್ನು ಸುತ್ತಿ ನೋಡಿದ ಜಾನ್ ಕೆರ್ ಮತ್ತು ಎನ್. ಕೆ. ಸಂಘಿ ಎಂಬ ಸಂಶೋಧಕರು 1992ರಲ್ಲಿ ಇದನ್ನೇ ಬರೆದರು: ರೈತರು ತಮ್ಮ ಗಡಿಯ ಬದುವನ್ನು ಮುತುವರ್ಜಿಯಿಂದ ಕಾಪಾಡುತ್ತಾರೆ, ಸರ್ಕಾರ ಹೊಲದ ನಡುವೆ ಹಾಕಿದ ಒಡ್ಡನ್ನು ಉತ್ತು ಕೆಡವುತ್ತಾರೆ. ಅದನ್ನು ಅಜ್ಞಾನವೆಂದು ಬಹುಕಾಲ ಅಧಿಕಾರಿಗಳು ಬೈದರು. ಕೊನೆಗೆ ರೈತನ ಮಾತಿನಲ್ಲಿಯೇ ಹುರುಳಿತ್ತೆಂದು ತಿಳಿದುಬಂತು.

ಬಳ್ಳಾರಿಯಲ್ಲಿ ಮಣ್ಣು ಮತ್ತು ನೀರು ಸಂರಕ್ಷಣಾ ಸಂಶೋಧನಾ ಕೇಂದ್ರ ಆರಂಭವಾದದ್ದು 1954ರಲ್ಲಿ. ಅಂದರೆ ಕಾಯಿದೆ ಬಂದು ಹನ್ನೆರಡು ವರ್ಷಗಳ ಮೇಲೆ. ಆಳವಾದ ಎರೆಗೆ ಸಮಪಾತಳಿ ಒಡ್ಡು ಒಗ್ಗದು, ಹೆಚ್ಚಿನ ನೀರು ಮೆಲ್ಲಗೆ ಹರಿದುಹೋಗುವಂತೆ ಇಳಿಜಾರು ಕೊಟ್ಟ ಒಡ್ಡು ಬೇಕು, ಅದರ ಬಾಯಿಗೆ ಹುಲ್ಲು ಬೆಳೆಸಿದ ಕಾಲುವೆ ಬೇಕು ಎಂಬ ತಿಳಿವಳಿಕೆ ಇಂಥ ಕೇಂದ್ರಗಳಲ್ಲಿ ವರ್ಷಗಟ್ಟಲೆ ಅಳೆದು ನೋಡಿದ ಮೇಲೆ ಗಟ್ಟಿಯಾಯಿತು. ಬಿಜಾಪುರದ ಕೇಂದ್ರ ಚೌಕುಮಡಿಯ ಪದ್ಧತಿಯನ್ನು ಎತ್ತಿಹಿಡಿಯಿತು. ಮುಂಗಾರಿನಲ್ಲಿ ಖಾಲಿ ಬಿಟ್ಟ ಹೊಲವನ್ನು ಸಣ್ಣ ಸಣ್ಣ ಚೌಕಗಳಾಗಿ ಕಟ್ಟಿ, ಬಿದ್ದ ನೀರನ್ನು ಬಿದ್ದಲ್ಲಿಯೇ ಇಂಗಿಸಿ, ಹಿಂಗಾರಿಗೆ ಬಿತ್ತುವ ಪದ್ಧತಿ ಅದು. ಅದಕ್ಕೆ ರೈತನ ಎತ್ತು, ರೈತನ ಸಾಧನವೇ ಸಾಕು, ಗಡಿಯ ತಂಟೆಯಿಲ್ಲ.

ತಿಳಿವಳಿಕೆ ಬರುವ ಮೊದಲೇ ಹಣ ನೆಲದಲ್ಲಿ ಹೂತಾಗಿತ್ತು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದರೆ ಹೀಗೆಯೇ ಆಗುವುದು. ಕುಲಾವಿ ಚಿಕ್ಕದಾದಾಗ ಕೂಸಿನ ತಲೆಯನ್ನು ದೂರುವುದು ಇನ್ನೂ ಕೆಟ್ಟದ್ದು.

ಜಾಲದಿಂದ ಆದ ಲಾಭ

ಇಷ್ಟು ಹೇಳಿದ ಮಾತ್ರಕ್ಕೆ ಸಂಶೋಧನೆಯೇ ವ್ಯರ್ಥವೆಂದು ಯಾರೂ ಭಾವಿಸಬಾರದು. ಹಳೆಯ ಅನುಭವದಿಂದ ಪಾಠ ಕಲಿತು, 1970ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಕೆನಡಾದ ನೆರವಿನೊಡನೆ ಅಖಿಲ ಭಾರತ ಸುಸಂಘಟಿತ ಒಣಬೇಸಾಯ ಸಂಶೋಧನಾ ಯೋಜನೆಯನ್ನು ಹೈದರಾಬಾದಿನಿಂದ ನಡೆಸತೊಡಗಿತು. ಬಿಜಾಪುರವೂ ಅದರ ಒಂದು ಕೇಂದ್ರವಾಯಿತು. ಇದರ ರೀತಿಯೇ ಬೇರೆ. ಪ್ರಶ್ನೆ ಎಲ್ಲ ಕೇಂದ್ರಗಳಿಗೂ ಒಂದೇ. ಉತ್ತರ ಆಯಾ ಮಣ್ಣಿನದು. ವರ್ಷಕ್ಕೊಮ್ಮೆ ಎಲ್ಲರೂ ಕುಳಿತು ಫಲಿತಾಂಶಗಳನ್ನು ಎದುರುಬದುರು ಇಟ್ಟು ನೋಡುವುದು. ಬೆಂಗಳೂರಿನ ಕೆಂಪು ಮಣ್ಣಿಗೆ ಹೇಳಿದ್ದನ್ನು ಬಿಜಾಪುರದ ಎರೆಗೆ ಹೇರುವ ಹಾಗಿಲ್ಲ. 1985ರಲ್ಲಿ ಹೈದರಾಬಾದಿನ ಕಚೇರಿಯೇ ಕೇಂದ್ರೀಯ ಒಣಬೇಸಾಯ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. 1986ರಲ್ಲಿ ಧಾರವಾಡ ಕೃಷಿ ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಬಿಜಾಪುರದ ಕೇಂದ್ರ ಅದರ ಮಡಿಲಿಗೆ ಬಂತು.

ಈ ಜಾಲದಿಂದ ಸರ್ಕಾರಕ್ಕೆ ಸಿಕ್ಕ ಒಂದು ಒಳ್ಳೆಯ ಸಾಧನವೆಂದರೆ ಜಿಲ್ಲಾವಾರು ಪರ್ಯಾಯ ಬೆಳೆ ಯೋಜನೆ. ಮುಂಗಾರು ಎರಡು ವಾರ ತಡವಾದರೆ ಏನು ಬಿತ್ತಬೇಕು, ನಾಲ್ಕು ವಾರವಾದರೆ ಏನು, ಆರು, ಎಂಟು ವಾರವಾದರೆ ಏನು, ನಡುವೆ ಮಳೆ ನಿಂತರೆ ಏನು ಎಂದು ದೇಶದ 600ಕ್ಕೂ ಹೆಚ್ಚು ಜಿಲ್ಲೆಗಳಿಗೆ ಮೊದಲೇ ಬರೆದಿಟ್ಟ ಯೋಜನೆ ಅದು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಚಾಳಿಗೆ ಇದು ಮದ್ದು.

ನಮ್ಮಂಥ ದೇಶಗಳ ಸಂಶೋಧಕರು ಗಡಿಗಳನ್ನು ದಾಟಿಯೂ ಒಂದಾಗಿದ್ದಾರೆ. ಪರಿಸರದ ಅರ್ಥಶಾಸ್ತ್ರವನ್ನು ದಕ್ಷಿಣ ಏಷ್ಯಾದವರೇ ಅಭ್ಯಾಸ ಮಾಡಲೆಂದು 1999ರಲ್ಲಿ ಕಾಠ್ಮಂಡುವಿನಲ್ಲಿ ‘ಸ್ಯಾಂಡೀ’ ಎಂಬ ಜಾಲ ಆರಂಭವಾಯಿತು. 1972ರಲ್ಲಿ ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಸಂಸ್ಥೆ 1975ರಿಂದ ಹಳ್ಳಿಗಳಲ್ಲಿಯೇ ಜನರನ್ನು ಇರಿಸಿ ಮನೆಮನೆಯ ಆದಾಯ, ಸಾಲ, ಬೆಳೆ, ಕೂಲಿಗಳ ಲೆಕ್ಕವನ್ನು ಬರೆಯಿಸಿತು. ಇಂಡಿಗೆ ನೆರೆಯ ಸೋಲಾಪುರ ಜಿಲ್ಲೆಯ ಶಿರಾಪುರ, ಕಲಮಣ ಗ್ರಾಮಗಳು ಅದರಲ್ಲಿದ್ದವು. 2009ರ ತರುವಾಯ ಭಾರತ ಮತ್ತು ಬಾಂಗ್ಲಾದೇಶಗಳ 42 ಹಳ್ಳಿಗಳಿಗೆ ಈ ಕೆಲಸ ಹರಡಿದಾಗ ವಿಜಯಪುರ ಜಿಲ್ಲೆಯ ಕಪನಿಂಬರಗಿ, ಮಾರ್ಕಬ್ಬಿನಹಳ್ಳಿಗಳೂ ಸೇರಿದವು. ಸಣ್ಣ ಹಿಡುವಳಿದಾರನ ಮನೆಯ ಲೆಕ್ಕವನ್ನು ವಿಜ್ಞಾನದ ಲೆಕ್ಕವಾಗಿ ಎಣಿಸಿದ್ದು ಚಿಕ್ಕ ಮಾತಲ್ಲ. ಮುಂಬಯಿ ಪದ್ಧತಿಯ ಕಾಲದಲ್ಲಿ ಇಂಥ ಲೆಕ್ಕವಿದ್ದಿದ್ದರೆ ನಾಲ್ಕು ಜೊತೆ ಎತ್ತಿನ ಉಪದೇಶ ಬರುತ್ತಲೇ ಇರಲಿಲ್ಲ.

ಆದರೆ ಲೆಕ್ಕ ಬರೆದುಕೊಂಡರೆ ಅರ್ಧ ಕೆಲಸ. ಒಂದು ಊರಿನಿಂದ ಎತ್ತಿದ ಅಂಕಿಗಳನ್ನು ಮೊದಲು ಓದಬೇಕಾದದ್ದು ಆ ಊರಿನ ಗ್ರಾಮ ಪಂಚಾಯಿತಿ, ಆ ಊರಿನ ಸಹಕಾರಿ ಸಂಘ, ಅದೂ ಕನ್ನಡದಲ್ಲಿ. ಎಲ್ಲೋ ಇಂಗ್ಲಿಷಿನ ಪ್ರಬಂಧವಾಗಿ, ಇನ್ನೆಲ್ಲೋ ಮಂತ್ರಾಲಯದ ಟಿಪ್ಪಣಿಯಾಗಿ, ಕೊನೆಗೆ ತಲಾಟಿಯ ಮೂಲಕ ಆಜ್ಞೆಯಾಗಿ ಊರಿಗೆ ಬಂದರೆ ಊರಿನವನಿಗೆ ಅದು ತನ್ನದೆಂದು ಗುರುತೇ ಸಿಗದು.

ಮತ್ತೊಂದು ವಿಷಯ. ಜಾಲವೆಂಬುದು ಒಮ್ಮೆ ಬೀಸಿ ಎತ್ತಿಕೊಳ್ಳುವ ಬಲೆಯಲ್ಲ. 1964ರ ಮೇ 22ರಂದು ಲಾಲ್ ಬಹಾದೂರ್ ಶಾಸ್ತ್ರಿಯವರು ಕೃಷ್ಣಾ ಮೇಲ್ದಂಡೆ ಯೋಜನೆಗೆ ಅಡಿಗಲ್ಲಿಟ್ಟ ಆಲಮಟ್ಟಿ, ಆಗ ಬಸವನ ಬಾಗೇವಾಡಿ ತಾಲೂಕಿನದು. ಆ ಯೋಜನೆಯ ಕಾಲುವೆಗಳು ಹಂತಹಂತವಾಗಿ ಮುದ್ದೇಬಿಹಾಳ, ಸಿಂದಗಿ, ಇಂಡಿಗಳ ಕಡೆಗೂ ಹರಿದವು. ಹಸಿ ಉಳಿಸುವುದು ಹೇಗೆಂದು ಕೇಳುತ್ತಿದ್ದ ಎರೆಯ ರೈತ, ಕಾಲುವೆ ನೀರು ಬಂದ ಮೇಲೆ ಹೆಚ್ಚಾದ ನೀರನ್ನು ಬಸಿಯುವುದು ಹೇಗೆ, ಮೇಲೆದ್ದ ಉಪ್ಪನ್ನು ಕಳೆಯುವುದು ಹೇಗೆ ಎಂದು ಕೇಳಬೇಕಾಯಿತು. ಪ್ರಶ್ನೆಯೇ ತಿರುವುಮುರುವಾಯಿತು. ಹಳೆಯ ಉತ್ತರದ ಪುಸ್ತಕ ಹಿಡಿದು ಕುಳಿತ ಕೇಂದ್ರದಿಂದ ಇಲ್ಲಿ ಪ್ರಯೋಜನವಿಲ್ಲ. ಗದ್ದೆಗಳು ಅಡಿಕೆ ತೋಟಗಳಾಗಿ, ಕೊಳವೆಬಾವಿಗಳು ವರ್ಷ ವರ್ಷ ಆಳವಾಗುತ್ತಿರುವ ನಮ್ಮ ಸೀಮೆಗೂ ಈ ಮಾತು ಅನ್ವಯಿಸುತ್ತದೆ.

ಮಳೆಮಾಪಕ ಮತ್ತು ಬೆಳೆಗಾರನ ಗಂಟು

ಇನ್ನು ನಮ್ಮ ಮನೆಯ ಮಾತು. ನಿರಂತರ ಬರದಿಂದ ಪಾಠ ಕಲಿತ ಕರ್ನಾಟಕ ಸರ್ಕಾರ 1988ರಲ್ಲಿ ಬರ ಪರಿವೀಕ್ಷಣಾ ಕೋಶವನ್ನು ತೆರೆಯಿತು. ಇಂದು ಅದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ. ಗ್ರಾಮ ಪಂಚಾಯಿತಿ ಮಟ್ಟದಲ್ಲಿ 6,500ಕ್ಕೂ ಹೆಚ್ಚು ಮಳೆಮಾಪಕಗಳನ್ನು ನೆಟ್ಟು, ಅವು ತಾವಾಗಿಯೇ ಮಳೆಯ ಅಂಕಿಯನ್ನು ಬೆಂಗಳೂರಿಗೆ ಕಳಿಸುವಂತೆ ಮಾಡಿದ್ದು ಈ ಸಂಸ್ಥೆಯ ಹೆಗ್ಗಳಿಕೆ. ಬರದ ಪಟ್ಟಿ ತಯಾರಾಗುವುದರಲ್ಲಿ ಈ ಅಂಕಿಗಳದು ದೊಡ್ಡ ಪಾತ್ರ.

2016ರಿಂದ ನಡೆದುಬಂದ ಹವಾಮಾನ ಆಧಾರಿತ ಬೆಳೆ ವಿಮೆಯೂ ಇಂಥ ಮಾಪಕಗಳ ಮೇಲೆಯೇ ನಿಂತಿದೆ. ವಿಜಯಪುರದ ದ್ರಾಕ್ಷಿ, ದಾಳಿಂಬೆಗೂ, ನಮ್ಮ ಅಡಿಕೆ, ಕಾಳುಮೆಣಸಿಗೂ ಒಂದೇ ರೀತಿ. ವಿಮಾ ಮೊತ್ತದ ಶೇಕಡ 5ರವರೆಗೆ ಬೆಳೆಗಾರ ಕಂತು ಕಟ್ಟುತ್ತಾನೆ. ಅವನಿಗೆ ಪರಿಹಾರ ಬರುವುದೂ ಬಾರದಿರುವುದೂ ತೋಟದಲ್ಲಿ ಕೊಳೆತು ಬಿದ್ದ ಅಡಿಕೆಯಿಂದ ತೀರ್ಮಾನವಾಗುವುದಿಲ್ಲ. ಪಂಚಾಯಿತಿಯ ಮಾಪಕ ಹೇಳಿದ ಮಳೆಯಿಂದ ತೀರ್ಮಾನವಾಗುತ್ತದೆ. ಮಾಪಕದ ಮೇಲೆ ಮರದ ಕೊಂಬೆ ಚಾಚಿದ್ದರೆ, ಎಲೆ ಬಿದ್ದು ಬಾಯಿ ಕಟ್ಟಿದ್ದರೆ, ಬ್ಯಾಟರಿ ಸತ್ತಿದ್ದರೆ ಸಣ್ಣ ಬೆಳೆಗಾರನ ಗಂಟು ಹೋದಂತೆಯೇ. ಗುಡ್ಡದ ಈಚೆ ಮಳೆ, ಆಚೆ ಬಿಸಿಲು ಎಂಬ ನಮ್ಮ ಸೀಮೆಯಲ್ಲಿ ಪಂಚಾಯಿತಿಗೊಂದು ಮಾಪಕ ಸಾಕೇ ಎಂಬುದೂ ಕೇಳತಕ್ಕ ಪ್ರಶ್ನೆಯೇ. ಸಂಶೋಧನೆ, ಜಾಲ, ಧೋರಣೆ ಎಂಬ ದೊಡ್ಡ ಶಬ್ದಗಳು ನಮ್ಮ ಮನೆಯ ಜಗುಲಿಗೆ ಬರುವುದು ಹೀಗೆ.

ಪರಿಹಾರದ ದರಗಳನ್ನೂ ನೋಡಿರಿ. 2022ರಿಂದ 2026ರವರೆಗಿನ ಅವಧಿಗೆ ಕೇಂದ್ರ ನಿಗದಿ ಮಾಡಿದ ವಿಕೋಪ ಪರಿಹಾರ ನಿಧಿಯ ದರ ಹೆಕ್ಟೇರಿಗೆ ಮಳೆಯಾಶ್ರಿತ ಬೆಳೆಗೆ 8,500 ರೂಪಾಯಿ, ನೀರಾವರಿ ಬೆಳೆಗೆ 17,000, ಬಹುವಾರ್ಷಿಕ ಬೆಳೆಗೆ 22,500. ಅದೂ ಎರಡು ಹೆಕ್ಟೇರಿಗೆ ಸೀಮಿತ. ಜೋಳ ಒಣಗಿದರೆ ಒಂದು ವರ್ಷದ ಬೆಳೆ ಹೋಯಿತು. ಅದರ ದುಃಖ ಚಿಕ್ಕದಲ್ಲ. ಅಡಿಕೆ ಮರ ಒಣಗಿದರೆ ಹೊಸ ಸಸಿ ನೆಟ್ಟು ಫಲ ಕಾಣಲು ಐದಾರು ವರ್ಷವಾದರೂ ಬೇಕು. ಬರದಿಂದ ಬಹುವಾರ್ಷಿಕ ತೋಟಕ್ಕೆ ಆಗುವ ನಷ್ಟ ಎಷ್ಟು ವರ್ಷ ಚಾಚುತ್ತದೆ ಎಂಬುದನ್ನು ಸಣ್ಣ ತೋಟಗಳಲ್ಲಿಯೇ ಅಳೆದು ಮುಂದಿಡದ ಹೊರತು ಈ ದರಗಳು ಬದಲಾಗವು. ಅಳೆಯಬಲ್ಲ ಸಂಸ್ಥೆಗಳು ನಮಗಿಲ್ಲದೆ ಇಲ್ಲ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ 1925ರಿಂದ ಇದೆ. ವಿಟ್ಲದ ಅಡಿಕೆ ಸಂಶೋಧನಾ ಕೇಂದ್ರ 1956ರಿಂದ ಇದೆ. ನಮ್ಮ ಪ್ರಶ್ನೆಗಳು ಅವುಗಳ ಬಾಗಿಲಿಗೆ ಸಂಘಟಿತವಾಗಿ ಹೋಗಬೇಕು.

ವರದಿಯನ್ನು ಓದದೆ ಜಗಳವಾಡುವುದರಿಂದ ಎಷ್ಟು ಕೇಡೆಂಬುದನ್ನು ಪಶ್ಚಿಮಘಟ್ಟದ ವಿಷಯದಲ್ಲಿ ಕಂಡಿದ್ದೇವೆ. 2010ರಲ್ಲಿ ನೇಮಕವಾದ ಮಾಧವ ಗಾಡ್ಗೀಳ್ ಸಮಿತಿ 2011ರ ಆಗಸ್ಟಿನಲ್ಲಿ ವರದಿ ಕೊಟ್ಟಿತು. ಅದು ಸಾರ್ವಜನಿಕರ ಕೈಗೆ ಬಂದದ್ದು ಮಾಹಿತಿ ಹಕ್ಕಿನ ಹೋರಾಟದ ಬಳಿಕ, 2012ರ ಮೇ ತಿಂಗಳಲ್ಲಿ. ಗ್ರಾಮಸಭೆಗಳಲ್ಲಿ ಚರ್ಚೆಯಾಗಲಿ ಎಂದು ವರದಿಯೇ ಹೇಳಿತ್ತು. 2013ರಲ್ಲಿ ಕಸ್ತೂರಿರಂಗನ್ ಸಮಿತಿಯ ವರದಿ ಬಂತು. ಅದರ ಆಧಾರದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೆಯ ಸಲ ಹೊರಟಿತು. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿ ಸೇರಿತ್ತು. 2024ರ ಸೆಪ್ಟೆಂಬರಿನಲ್ಲಿ ರಾಜ್ಯದ ಸಚಿವ ಸಂಪುಟ ಅದನ್ನು ತಿರಸ್ಕರಿಸಿತು. ಆ ವರದಿಗಳ ಸರಿತಪ್ಪಿನ ತೀರ್ಪು ಕೊಡುವುದು ಈ ಲೇಖನದ ಉದ್ದೇಶವಲ್ಲ. ನಮ್ಮ ಊರಿನ ವಿಷಯ ನಮ್ಮ ಭಾಷೆಯಲ್ಲಿ ನಮ್ಮ ಗ್ರಾಮಸಭೆಗೆ ಮೊದಲು ಬಂದಿದ್ದರೆ, ಒಪ್ಪುವವರು ತಿಳಿದು ಒಪ್ಪುತ್ತಿದ್ದರು, ವಿರೋಧಿಸುವವರು ತಿಳಿದು ವಿರೋಧಿಸುತ್ತಿದ್ದರು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ವಿಜ್ಞಾನಿಗೂ ಬೆಳೆಗಾರನಿಗೂ ನಡುವಿನ ನಂಬಿಕೆ ಒಮ್ಮೆ ಹೋಯಿತೆಂದರೆ ಎಷ್ಟು ಅನುದಾನ ಸುರಿದರೂ ಮರಳದು.

ನಾವು ಮಾಡಬೇಕಾದದ್ದು

ಎರೆ ಹೊಲದ ಒಡ್ಡು ಒಡೆದದ್ದು ವಿಜ್ಞಾನ ಹೆಚ್ಚಾಗಿ ಅಲ್ಲ. ಒಂದು ಮಣ್ಣಿನ ಉತ್ತರವನ್ನು ಇನ್ನೊಂದು ಮಣ್ಣಿಗೆ ಹೇರಿದ್ದರಿಂದ, ರೈತನ ಖರ್ಚನ್ನೂ ಗಡಿಯನ್ನೂ ಕೇಳದೆ ಇದ್ದುದರಿಂದ, ಅಳೆದು ಮುಗಿಯುವ ಮೊದಲೇ ಆಜ್ಞೆ ಹೊರಟಿದ್ದರಿಂದ ಒಡೆಯಿತು. ನಮ್ಮ ತೋಟಗಳಲ್ಲಿ ಅದೇ ತಪ್ಪು ನಡೆಯಬಾರದೆಂದರೆ ಸರ್ಕಾರವನ್ನು ದೂರುತ್ತ ಕೂರುವುದು ಸಾಲದು. ನಾಲ್ಕು ಕೆಲಸಗಳನ್ನು ನಾವೇ ಹಿಡಿಯಬೇಕು.

ಮೊದಲನೆಯದು, ಮಳೆಯ ಲೆಕ್ಕ. ನಮ್ಮಲ್ಲಿ ಎಷ್ಟೋ ತೋಟಗಳ ಮನೆಗಳಲ್ಲಿ ಅಜ್ಜನ ಕಾಲದಿಂದ ಮಳೆಯ ಇಂಚುಗಳನ್ನು ಬರೆದಿಟ್ಟ ಪುಸ್ತಕಗಳಿವೆ. ಕೆಲವು ಗೆದ್ದಲಿಗೆ ಆಹಾರವಾಗುತ್ತಿವೆ. ಅವನ್ನು ಹೊರತೆಗೆದು ಪ್ರತಿ ಮಾಡಿಸಿ ಸಂಘದಲ್ಲಿ ಇರಿಸಬೇಕು. ಇಲ್ಲದವರು ಒಂದು ಸಾಧಾರಣ ಮಳೆಮಾಪಕ ಇಟ್ಟುಕೊಂಡು ಪ್ರತಿದಿನ ಬೆಳಿಗ್ಗೆ ಎಂಟೂವರೆಗೆ ನೋಡಿ ಬರೆಯಬೇಕು. ಪಂಚಾಯಿತಿಯ ಮಾಪಕ ತಪ್ಪು ಹೇಳಿತೆಂದು ವಾದಿಸಲು ನಮ್ಮ ಕೈಯಲ್ಲೂ ಅಂಕಿ ಇರಬೇಕು. ಬಾಯಿಮಾತಿನ ಮಳೆಗೆ ಕಚೇರಿಯಲ್ಲಿ ಬೆಲೆಯಿಲ್ಲ.

ಎರಡನೆಯದು, ಮಾಪಕದ ಕಾವಲು. ಪ್ರತಿ ಪಂಚಾಯಿತಿಯಲ್ಲಿ ಸಂಘದ ಇಬ್ಬರು ಸದಸ್ಯರು ತಿಂಗಳಿಗೊಮ್ಮೆ ಸರ್ಕಾರದ ಮಳೆಮಾಪಕವನ್ನು ಕಂಡು ಅದರ ಸ್ಥಿತಿಯನ್ನು ಬರೆದು ಪಂಚಾಯಿತಿಗೆ ಕೊಡಲಿ, ಸ್ವೀಕೃತಿ ಪಡೆಯಲಿ. ವಿಮೆಯ ಕಂತು ಕಟ್ಟುವ ಮುನ್ನ ಈ ಕೆಲಸವಾಗಬೇಕು, ಪರಿಹಾರ ಬಾರದ ಮೇಲಲ್ಲ.

ಮೂರನೆಯದು, ಸಣ್ಣ ತೋಟವೂ ಪ್ರಯೋಗದ ತಾಣವಾಗಬೇಕು. ಬಾಳೆಹೊನ್ನೂರು, ವಿಟ್ಲಗಳ ಹೊಸ ಶಿಫಾರಸುಗಳನ್ನು ಎರಡು ಮೂರು ಎಕರೆಯ ತೋಟಗಳಲ್ಲಿ, ನಮ್ಮದೇ ಕೂಲಿ ದರದಲ್ಲಿ, ಖರ್ಚುವೆಚ್ಚದ ಪಟ್ಟಿಯೊಡನೆ ನಡೆಸಿ ತೋರಿಸಲು ಕೇಳೋಣ. ಜಾಗ ಕೊಡಲು ನಾವು ಮುಂದಾಗೋಣ. ಇಳುವರಿಯ ಪಕ್ಕದಲ್ಲಿ ಲಾಭದ ಅಂಕಣವಿಲ್ಲದ ಶಿಫಾರಸು ಅರ್ಧ ಶಿಫಾರಸು.

ನಾಲ್ಕನೆಯದು, ನಮ್ಮ ಸೀಮೆಯನ್ನು ಕುರಿತ ಯಾವುದೇ ಪರಿಸರ ವರದಿ ಆಜ್ಞೆಯಾಗುವ ಮುನ್ನ ಕನ್ನಡದಲ್ಲಿ ಗ್ರಾಮಸಭೆಗೆ ಬರಲೇಬೇಕೆಂದು ಸಹಕಾರಿ ಸಂಘಗಳೆಲ್ಲ ಒಟ್ಟಾಗಿ ನಿರ್ಣಯ ಮಾಡಿ ಕಳಿಸಬೇಕು. ಇದರಲ್ಲಿ ಬಯಲಿನ ರೈತರೂ ನಮ್ಮ ಜೊತೆಗಾರರು. ಮಳೆ ಕೈಕೊಟ್ಟ ವರ್ಷ ಆ ಕಡೆಯಿಂದ ಗುಳೆ ಹೊರಟು ನಮ್ಮ ಕಡೆಯ ತೋಟ, ಕಟ್ಟಡಗಳ ಕೆಲಸಕ್ಕೆ ಬರುವವರು ತಮ್ಮ ಹೊಲಗಳ ಅನುಭವವನ್ನೂ ಹೊತ್ತು ತಂದಿರುತ್ತಾರೆ. ಅವರನ್ನು ಕೂರಿಸಿ ಕೇಳಿದರೆ ಹಸಿ ಹಿಡಿಯುವ ವಿದ್ಯೆಯಲ್ಲಿ ನಮಗಿಂತ ನಾಲ್ಕು ಮಾತು ಹೆಚ್ಚೇ ಬಲ್ಲರು.

ಸಂಶೋಧನೆಯ ಜಾಲಕ್ಕೆ ಗಂಟು ಹಾಕುವವರು ವಿಜ್ಞಾನಿಗಳಿರಬಹುದು, ಹಣ ಹಾಕುವುದು ಸರ್ಕಾರವಿರಬಹುದು. ಆ ಜಾಲದ ಒಂದು ಅಂಚಾದರೂ ಬೆಳೆಗಾರನ ಕೈಯಲ್ಲಿರಬೇಕು. ಅಂಚು ಹಿಡಿಯಲು ಬೇಕಾದದ್ದು ಒಂದು ಮಳೆಮಾಪಕ, ಒಂದು ಬರೆಯುವ ಪುಸ್ತಕ ಮತ್ತು ಗ್ರಾಮಸಭೆಗೆ ಹೋಗುವಷ್ಟು ಬಿಡುವು. ಮನೆಯಲ್ಲಿ ಹಳೆಯ ಮಳೆ ಲೆಕ್ಕದ ಪುಸ್ತಕಗಳಿರುವ ಸದಸ್ಯರು ಎಷ್ಟು ವರ್ಷಗಳದ್ದಿದೆ ಎಂಬುದನ್ನು ಸಂಘದ ಕಚೇರಿಗೆ ತಿಳಿಸಬೇಕೆಂದೂ, ಈ ವಿಷಯದಲ್ಲಿ ಭಿನ್ನಾಭಿಪ್ರಾಯವಿದ್ದವರು ಸಂಕೋಚವಿಲ್ಲದೆ ಬರೆದು ಕಳಿಸಬೇಕೆಂದೂ ಕೋರುತ್ತೇವೆ.